ಪರಮಪ್ರಸಾದದ ತಯಾರಿಗೆ ಯಾವ ನೋಟ್‌ಬುಕ್ ಒಳ್ಳೇದು? ರೆಕಾರ್ಡ್ ಬುಕ್, ಫೈಲ್, ಸ್ಕ್ರ್ಯಾಪ್ ಬುಕ್, ಕೈಯಲ್ಲಿ ಹೊಲಿದ ಪುಸ್ತಕ

ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರಕ್ಕೆ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಅಂದರೆ ನಮ್ಮ ಚರ್ಚಿನಲ್ಲಿ) ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ತಯಾರು ಮಾಡುವ ಭಾನುವಾರದ ಧರ್ಮೋಪದೇಶ ತರಗತಿಯೂ ಶುರುವಾಗುತ್ತದೆ. ಅವತ್ತು ಸಂಜೆಯೊಳಗೆ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ: "ಟೀಚರ್, ಯಾವ ಬುಕ್ ತಗೋಬೇಕು?" ಮೊದಲ ವರ್ಷ ನಾನು "ಯಾವುದಾದ್ರೂ ಪರವಾಗಿಲ್ಲ" ಎಂದು ಬರೆದೆ. ಮುಂದಿನ ಭಾನುವಾರ ಒಬ್ಬ ಹುಡುಗ ಚೌಕುಳಿ ಗೆರೆಯ ಗಣಿತದ ಪುಸ್ತಕ ತಂದ. ಒಬ್ಬಳು ಹಳೇ ಡೈರಿ ತಂದಳು, ಅದರಲ್ಲಿ ಮಾರ್ಚ್‌ವರೆಗೆ ಹಾಲಿನ ಲೆಕ್ಕ ಇತ್ತು. ಇನ್ನೊಬ್ಬಳ ಕೈಯಲ್ಲಿ ಬೀಗ ಹಾಕಿದ ಗುಲಾಬಿ ಬಣ್ಣದ ಪುಸ್ತಕ, ಬೀಗದ ಕೈ ಮನೆಯಲ್ಲಿ.

ಅದಾದ ಮೇಲೆ ಒಂದೊಂದು ವರ್ಷ ಒಂದೊಂದು ಬಗೆಯ ಪುಸ್ತಕ ಮಾಡಿಸಿ ನೋಡಿದ್ದೇನೆ. ಒಂಬತ್ತು ವರ್ಷ ಆಯಿತು. ನನ್ನ ಇಬ್ಬರು ಮಕ್ಕಳೂ ಇದೇ ತರಗತಿಯಲ್ಲಿ ಕೂತು ಪ್ರಥಮ ಪರಮಪ್ರಸಾದ ತಗೊಂಡರು, ದೊಡ್ಡವನಿಗೆ ದೃಢೀಕರಣವೂ (ಸ್ವಲ್ಪ ದೊಡ್ಡವರಾದ ಮೇಲೆ ಪವಿತ್ರಾತ್ಮರ ವರಕ್ಕಾಗಿ ಪಡೆಯುವ ಸಂಸ್ಕಾರ) ಆಯಿತು. ಯಾವ ಪುಸ್ತಕ ಯಾವ ಮಗುವಿಗೆ ಸರಿ, ಯಾವುದು ದುಡ್ಡು ದಂಡ ಅನ್ನುವುದು ಈಗ ಸುಮಾರಾಗಿ ಗೊತ್ತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು: ಪುಸ್ತಕದಲ್ಲಿ ಎಷ್ಟು ತುಂಬಿಸಬೇಕು?

ಪುಸ್ತಕ ಆರಿಸುವ ಮುಂಚೆ ಇದನ್ನು ತೀರ್ಮಾನಿಸಬೇಕು. ತುಂಬಾ ತಂದೆ ತಾಯಂದಿರು ಎಂಟು ವರ್ಷದ ಮಗುವಿನ ನೋಟ್‌ಬುಕ್‌ನಲ್ಲಿ ಇಡೀ ಧರ್ಮಶಾಸ್ತ್ರ ಬರೆಸಲು ಹೊರಡುತ್ತಾರೆ. ಏಳು ಸಂಸ್ಕಾರ, ಹತ್ತು ಕಟ್ಟಳೆ, ಜಪಸರದ ಇಪ್ಪತ್ತು ರಹಸ್ಯ, ಹನ್ನೆರಡು ಪ್ರೇಷಿತರ ಹೆಸರು, ಎಲ್ಲಾ. ಮಗು ಬರೆಯುತ್ತದೆ, ಪಾಪ. ಶಾಲೆಯಲ್ಲೂ ಅದೇ ಕೆಲಸ ತಾನೇ?

ಚರ್ಚ್ ಅಷ್ಟು ಕೇಳುವುದೇ ಇಲ್ಲ. ಒಂದು ಕಾಲದಲ್ಲಿ ಎಷ್ಟೋ ಕಡೆ ಮಕ್ಕಳು ಪರಮಪ್ರಸಾದಕ್ಕೆ ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. 1910ರ ಆಗಸ್ಟ್ 8ರಂದು ಪೋಪ್ ಹತ್ತನೇ ಪಯಸ್ ಅವರ ಕಾಲದಲ್ಲಿ 'ಕ್ವಾಮ್ ಸಿಂಗುಲಾರಿ' ಎಂಬ ಆಜ್ಞೆ ಹೊರಟಿತು. ಮಗುವಿಗೆ ಬುದ್ಧಿ ತಿಳಿಯುವ ವಯಸ್ಸು, ಅಂದರೆ ಸುಮಾರು ಏಳು ವರ್ಷ ಆದರೆ ಸಾಕು ಎಂದಿತು. ಧರ್ಮದ ಪೂರ್ತಿ ಜ್ಞಾನ ಬೇಕಿಲ್ಲ. ಪರಮಪ್ರಸಾದದ ರೊಟ್ಟಿಗೂ ಮನೆಯ ರೊಟ್ಟಿಗೂ ಇರುವ ವ್ಯತ್ಯಾಸ ಗೊತ್ತಿರಬೇಕು, ಭಕ್ತಿಯಿಂದ ಸ್ವೀಕರಿಸಬೇಕು. ಉಳಿದದ್ದನ್ನು ಆಮೇಲೆ, ನಿಧಾನಕ್ಕೆ ಕಲಿಯಬಹುದು.

ಹಾಗಾಗಿ ನನ್ನ ಅಳತೆ ಇಷ್ಟೇ. ಮಗು ಆ ಪುಸ್ತಕವನ್ನು ಯಾರೂ ಹೇಳದೆ ಇನ್ನೊಂದು ಸಲ ತೆಗೆದು ನೋಡುತ್ತದಾ? ನೋಡಿದರೆ ಸರಿಯಾದ ಪುಸ್ತಕ. ಟೀಚರ್ ಸಹಿ ಹಾಕಿದ ಮೇಲೆ ಅಟ್ಟ ಸೇರಿದರೆ ತಪ್ಪು ಪುಸ್ತಕ. ಕೆಳಗಿನ ಹೋಲಿಕೆಯೆಲ್ಲಾ ಈ ಅಳತೆಯದ್ದೇ.

ಅಚ್ಚಾದ ಆಕ್ಟಿವಿಟಿ ಪುಸ್ತಕ

ಅಂಗಡಿಯಲ್ಲಿ ಸಿಗುತ್ತದೆ, ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆದದ್ದೂ ಇದೇ ಜಾತಿ. ಚಿತ್ರಕ್ಕೆ ಬಣ್ಣ ಹಾಕು, ಬಿಟ್ಟ ಸ್ಥಳ ತುಂಬು, ಗೆರೆ ಎಳೆದು ಜೋಡಿಸು. ನಲವತ್ತು ಮಕ್ಕಳ ತರಗತಿಯನ್ನು ಒಬ್ಬರೇ ಟೀಚರ್ ನಡೆಸುವುದಾದರೆ ಇದಿಲ್ಲದೆ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಬರೆಯಲು ಕಷ್ಟಪಡುವ ಮಗುವಿಗೂ ಅನುಕೂಲ.

ತೊಂದರೆ ಏನೆಂದರೆ ನಲವತ್ತು ಪುಸ್ತಕವೂ ಒಂದೇ ಥರ. ಮಕ್ಕಳಿಗೇ ತಮ್ಮದು ಯಾವುದೆಂದು ಗೊತ್ತಾಗಲ್ಲ, ಹೆಸರು ನೋಡಿ ಎತ್ತಿಕೊಳ್ಳುತ್ತಾರೆ. ಪ್ರಿಂಟ್ ತೆಗೆದ ಹಾಳೆಗಳಲ್ಲಿ ಇನ್ನೊಂದು ತಮಾಷೆ. ಚಿತ್ರದ ಮಕ್ಕಳು ಕೋಟು, ಮಫ್ಲರ್ ಹಾಕಿಕೊಂಡು ಹಿಮದಲ್ಲಿ ನಡೆದು ಚರ್ಚಿಗೆ ಹೋಗುತ್ತಿರುತ್ತಾರೆ. ನಮ್ಮ ಮಕ್ಕಳು ಮಳೆಯಲ್ಲಿ ಆಟೋ ಹಿಡಿದು ಬಂದವರು.

ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆಟ್ಟಿ, ಜಾನ್ನಾ ಗೊಬ್ಬಿ ಎಂಬ ಇಬ್ಬರು ಹೆಂಗಸರು ಮಕ್ಕಳಿಗೆ ಧರ್ಮ ಕಲಿಸುವ ಬೇರೆಯೇ ಕ್ರಮ ಶುರು ಮಾಡಿದರು. ಒಳ್ಳೆಯ ಕುರುಬ ಯೇಸುವಿನ ಹೆಸರಿನದು. ಅದರ ಬೇರು ಮಾಂಟೆಸರಿ ಪದ್ಧತಿಯಲ್ಲಿದೆ. ಅಲ್ಲಿ ಮಗು ಅಚ್ಚಿನ ಹಾಳೆ ತುಂಬುವುದಿಲ್ಲ. ಕೇಳಿದ ಕತೆಯನ್ನು ತಾನೇ ಚಿತ್ರ ಬರೆಯುತ್ತದೆ, ಇಷ್ಟವಾದ ವಾಕ್ಯವನ್ನು ತನ್ನ ಕೈಯಲ್ಲೇ ನಕಲು ಮಾಡುತ್ತದೆ. (ಮರಿಯಾ ಮಾಂಟೆಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧ ಮುಗಿಯುವವರೆಗೂ ಅಡ್ಯಾರ್, ಕೊಡೈಕೆನಾಲ್ ಕಡೆ ಇದ್ದರು. ಬೆಂಗಳೂರಿನಲ್ಲಿ ಬೀದಿಗೊಂದು ಮಾಂಟೆಸರಿ ಬೋರ್ಡು ನೋಡುವಾಗ ನನಗೆ ಇದು ನೆನಪಾಗುತ್ತದೆ.) ನಾನು ಆ ಪದ್ಧತಿಯಲ್ಲಿ ತರಬೇತಿ ಪಡೆದವಳಲ್ಲ. ಆದರೆ ಕೈಯಲ್ಲಿ ಬರೆದದ್ದು ಮನಸ್ಸಿನಲ್ಲಿ ಕೂರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಒಂದು ಕಡೆ ಗೆರೆ, ಒಂದು ಕಡೆ ಖಾಲಿ: ರೆಕಾರ್ಡ್ ಬುಕ್

ಇದು ನನ್ನ ಮೊದಲ ಆಯ್ಕೆ. ಹೈಸ್ಕೂಲ್, ಪಿಯುಸಿ ಮಕ್ಕಳು ವಿಜ್ಞಾನದ ಪ್ರಾಕ್ಟಿಕಲ್‌ಗೆ ತಗೊಳ್ಳುವ ಗಟ್ಟಿ ರಟ್ಟಿನ ಪುಸ್ತಕ ಇದೆಯಲ್ಲ, ಅದೇ. ಬಲಗಡೆ ಗೆರೆ, ಎಡಗಡೆ ಖಾಲಿ. ಅಂಗಡಿಯಲ್ಲಿ 'ಒನ್ ಸೈಡ್ ರೂಲ್ಡ್' ಅಂದರೆ ಕೊಡುತ್ತಾರೆ. ಮನೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ನಾನು ಕಳೆದ ಸಲ ಕೊಂಡದ್ದು 90 ರೂಪಾಯಿಗೆ. ತರಗತಿಗೆಲ್ಲ ಒಟ್ಟಿಗೆ ಬೇಕಾದರೆ ಅವೆನ್ಯೂ ರೋಡಿಗೆ ಹೋಗಿ, ಡಜನ್ ಲೆಕ್ಕದಲ್ಲಿ ಇಳಿಸಿ ಕೊಡುತ್ತಾರೆ. ಭಾನುವಾರ ಹೋಗಬೇಡಿ, ಹೋಲ್‌ಸೇಲ್ ಅಂಗಡಿ ಬಹಳಷ್ಟು ಮುಚ್ಚಿರುತ್ತವೆ, ಫುಟ್‌ಪಾತ್ ತುಂಬಾ ಹಳೇ ಪುಸ್ತಕ ನೋಡಿಕೊಂಡು ಬರಿಗೈಲಿ ಬರುತ್ತೀರಿ. ಬರಿಗೈಲಿ ಅಲ್ಲ, ಬೇರೇನೋ ಕೊಂಡು ಬರುತ್ತೀರಿ.

ಯಾಕೆ ಇದು ಒಳ್ಳೇದು? ಒಂದು ಭಾನುವಾರಕ್ಕೆ ಒಂದು ಜೋಡಿ ಪುಟ. ಎಡಗಡೆ ಚಿತ್ರ, ಬಲಗಡೆ ಒಂದೆರಡು ಸಾಲು. ಚಿತ್ರ ಬರೆಯುವ ಮಗು ಎಡಗಡೆ ಜಾಸ್ತಿ ಹೊತ್ತು ಇರುತ್ತದೆ, ಬರೆಯುವ ಮಗು ಬಲಗಡೆ. ಯಾರಿಗೂ ಬೇಜಾರಿಲ್ಲ. ಜೂನ್‌ನಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ, ಪರೀಕ್ಷೆ, ದಸರಾ, ಕ್ರಿಸ್‌ಮಸ್ ರಜೆ ಕಳೆದರೆ ಮೂವತ್ತು ತರಗತಿ ಸಿಗಬಹುದು. ನೂರು ಪುಟದ ಪುಸ್ತಕ ಸಾಕಾಗಿ ಮಿಗುತ್ತದೆ. ಕಾಗದ ದಪ್ಪ, ಸಾಧಾರಣ ನೋಟ್‌ಬುಕ್‌ನಲ್ಲಿ ಸ್ಕೆಚ್ ಪೆನ್ನಿನ ಮಸಿ ಹಿಂದೆ ಇಳಿಯುವ ಹಾಗೆ ಇದರಲ್ಲಿ ಇಳಿಯುವುದಿಲ್ಲ.

ನಾವು ಪ್ರತಿ ಪುಟದ ಮೇಲ್ಗಡೆ ಒಂದು ಬೆರಳಗಲದ ಬಣ್ಣದ ಪಟ್ಟಿ ಎಳೆಸುತ್ತೇವೆ. ಅವತ್ತು ಪೂಜೆಯಲ್ಲಿ ಸ್ವಾಮಿಗಳು (ಚರ್ಚಿನ ಗುರುಗಳು) ಯಾವ ಬಣ್ಣದ ಉಡುಪು ಹಾಕಿದ್ದರೋ ಆ ಬಣ್ಣ. ಆಗಮನ ಕಾಲ (ಕ್ರಿಸ್‌ಮಸ್ ಮುಂಚಿನ ವಾರಗಳು), ತಪಸ್ಸುಕಾಲಕ್ಕೆ (ಪಾಸ್ಖ ಮುಂಚಿನ ಉಪವಾಸದ ದಿನಗಳು) ನೇರಳೆ. ಕ್ರಿಸ್‌ಮಸ್, ಪಾಸ್ಖಕ್ಕೆ ಬಿಳಿ. ಗರಿಗಳ ಭಾನುವಾರ (ಪಾಸ್ಖದ ಹಿಂದಿನ ಭಾನುವಾರ), ಪಂಚಾಶತ್ತಮ ಹಬ್ಬಕ್ಕೆ (ಪವಿತ್ರಾತ್ಮರು ಇಳಿದು ಬಂದ ದಿನ) ಕೆಂಪು. ಉಳಿದ ದಿನಗಳಲ್ಲಿ ಹಸಿರು. ಜೂನ್‌ನಿಂದ ನವೆಂಬರ್‌ವರೆಗೆ ಬಹುತೇಕ ಹಸಿರೇ ಹಸಿರು, ಹಾಗಾಗಿ ಹಸಿರು ಪೆನ್ಸಿಲ್ ಎರಡು ಎತ್ತಿಟ್ಟಿರಿ. ಪುಸ್ತಕ ಮುಚ್ಚಿ ಪಕ್ಕದಿಂದ ನೋಡಿದರೆ ಇಡೀ ವರ್ಷ ಬಣ್ಣದ ಅಂಚಿನ ಹಾಗೆ ಕಾಣುತ್ತದೆ. ಮಕ್ಕಳು ಪೂಜೆಗೆ ಬಂದ ಕೂಡಲೇ ಮೊದಲು ಬಣ್ಣ ನೋಡುವ ಅಭ್ಯಾಸ ಬೀಳುತ್ತದೆ. ಒಮ್ಮೆ ಒಬ್ಬ ಹುಡುಗ ಓಡಿ ಬಂದು "ಟೀಚರ್, ಫಾದರ್ ಇವತ್ತು ಪಿಂಕ್!" ಎಂದು ಕೂಗಿದ. ಆಗಮನ ಕಾಲದ ಮೂರನೇ ಭಾನುವಾರ ಅದು. ಗುಲಾಬಿ ಬಣ್ಣ ವರ್ಷಕ್ಕೆ ಎರಡೇ ಸಲ ಬರುತ್ತದೆ, ಇನ್ನೊಂದು ತಪಸ್ಸುಕಾಲದ ನಾಲ್ಕನೇ ಭಾನುವಾರ. ಅವನಿಗೆ ನಾನು ಪಾಠ ಹೇಳಿ ಕಲಿಸಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಚಿತ್ರಕ್ಕೆ ಯಾವ ಕತೆ? ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯ ಒಂದೇ ಮೂರು ವಾರಕ್ಕೆ ಸಾಕು. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಕಳೆದುಹೋದ ಮಗ. ನಾಣ್ಯದ ಕತೆ ಗೊತ್ತಲ್ಲ, ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದು, ಆ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕುತ್ತಾಳೆ. ನನ್ನ ತರಗತಿಯ ಒಬ್ಬ ಹುಡುಗಿ ಬರೆದ ಪುಟ ಹೀಗಿತ್ತು: ಇಡೀ ಪುಟ ಕಪ್ಪು ಬಣ್ಣ, ಕರೆಂಟ್ ಹೋಗಿದೆ. ನಡುವೆ ನೈಟಿ ಹಾಕಿದ ಹೆಂಗಸು, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದರಲ್ಲಿ ಪೊರಕೆ. ಸೋಫಾ ಕೆಳಗೆ ಒಂದು ಹಳದಿ ಚುಕ್ಕೆ. ಬಾಗಿಲಲ್ಲಿ ಪಕ್ಕದ ಮನೆ ಆಂಟಿಯರು ಮೂವರು, ಆಗಲೇ ಬಂದು ನಿಂತಿದ್ದಾರೆ, ಯಾಕೆಂದರೆ ನಾಣ್ಯ ಸಿಕ್ಕ ಮೇಲೆ ಅವಳು ಗೆಳತಿಯರನ್ನೂ ನೆರೆಯವರನ್ನೂ ಕರೆಯುತ್ತಾಳೆ ಅಂತ ಕತೆಯಲ್ಲಿದೆ. ಬಲಗಡೆ ಅವಳು ಬರೆದದ್ದು ಒಂದೇ ಸಾಲು: "ದೇವರು ಸೋಫಾ ಎಳೀತಾರೆ." ಅದಕ್ಕೆ ನಾನು ತಿದ್ದುಪಡಿ ಹಾಕಲಿಲ್ಲ, ಟಿಕ್ ಕೂಡ ಹಾಕಲಿಲ್ಲ.

ಇನ್ನೊಂದು ಸಲಹೆ. ಕೊನೆಯ ಜೋಡಿ ಪುಟ ಖಾಲಿ ಬಿಡಿ. ಪರಮಪ್ರಸಾದ ತಗೊಂಡ ದಿನ, ಬಿರಿಯಾನಿ, ಕೇಕು, ನೆಂಟರು ಎಲ್ಲಾ ಮುಗಿದ ಮೇಲೆ ಮಗು ತಾನೇ ಬರೆಯಲಿ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ನನ್ನ ಮಗಳು ಬರೆದದ್ದು: "ಪ್ರಸಾದ ತೆಳ್ಳಗಿತ್ತು. ಮೇಲೆ ಅಂಟಿಕೊಂಡಿತು. ಆಮೇಲೆ ನಾನು ಸುಮ್ನೆ ಕೂತಿದ್ದೆ. ಶೂ ಕಚ್ಚುತ್ತಿತ್ತು."

ಈ ಪುಸ್ತಕದ ಕೊರತೆಯನ್ನೂ ಹೇಳಬೇಕು. ಭಾರ ಜಾಸ್ತಿ. ಒಂದು ವಾರ ತಪ್ಪಿಸಿಕೊಂಡ ಮಗು ನಡುವೆ ಪುಟ ಸೇರಿಸಲಾಗುವುದಿಲ್ಲ. ಕೆಟ್ಟು ಹೋದ ಪುಟ ಹರಿದರೆ ಹೊಲಿಗೆಯ ಆ ಕಡೆಯ ಪುಟವೂ ಸಡಿಲವಾಗುತ್ತದೆ. ಎಲ್ಲವೂ ನೀಟಾಗಿರಲೇಬೇಕು ಅನ್ನುವ ಸ್ವಭಾವದ ಮಕ್ಕಳಿಗೆ ಇದು ಹಿಂಸೆ.

ಫೈಲ್: ದೃಢೀಕರಣದವರಿಗೆ

ಅಂಥ ಮಕ್ಕಳಿಗೂ, ಹನ್ನೆರಡು ಹದಿಮೂರು ದಾಟಿದವರಿಗೂ ಫೈಲೇ ಸರಿ. ಎರಡು ರಿಂಗಿನ ಫೈಲು, ಎ4 ಹಾಳೆ, ಕೆಲವು ಪ್ಲಾಸ್ಟಿಕ್ ಕವರ್. ಕೆಟ್ಟದ್ದು ತೆಗೆದು ಹೊಸದು ಹಾಕಬಹುದು, ನಡುವೆ ಸೇರಿಸಬಹುದು, ಯಾರಿಗೂ ತೋರಿಸಬಾರದ ಹಾಳೆಯನ್ನು ಎತ್ತಿಟ್ಟು ಉಳಿದದ್ದನ್ನು ಟೀಚರಿಗೆ ಕೊಡಬಹುದು. ಈ ಕೊನೆಯದು ಆ ವಯಸ್ಸಿಗೆ ತುಂಬಾ ಮುಖ್ಯ. ನನ್ನ ಮಗ ಫೈಲಿನಲ್ಲಿ ಪವಿತ್ರಾತ್ಮರಿಗೆ ಒಂದು ಪತ್ರ ಬರೆದಿದ್ದ ಅನ್ನುವುದಷ್ಟೇ ನನಗೆ ಗೊತ್ತು. ಓದಲು ಕೊಡಲಿಲ್ಲ. ನಾನೂ ಕೇಳಲಿಲ್ಲ, ಒಂದೇ ಸಲ ಕೇಳಿದೆ ಅಷ್ಟೇ.

ದೃಢೀಕರಣದ ಫೈಲಿನಲ್ಲಿ ಮೂರು ಭಾಗ ಸಾಕು. ಒಂದು, ಪವಿತ್ರಾತ್ಮರ ಏಳು ವರಗಳು, ವರಕ್ಕೊಂದು ಹಾಳೆ. ಧೈರ್ಯ ಅನ್ನುವ ಹಾಳೆಯಲ್ಲಿ ಅರ್ಥ ಬರೆಯುವ ಬದಲು ತಾನು ನೋಡಿದ ಧೈರ್ಯಸ್ಥರೊಬ್ಬರ ಬಗ್ಗೆ ಬರೆಯಲಿ. ಎರಡು, ತಾನು ಹೆಸರು ತಗೊಳ್ಳುವ ಸಂತರು. ಈಗ ಎಲ್ಲರೂ ಕಾರ್ಲೊ ಅಕುಟಿಸ್ ಅನ್ನುತ್ತಾರೆ, ಕಂಪ್ಯೂಟರ್ ಗೊತ್ತಿದ್ದ, 15 ವರ್ಷಕ್ಕೆ ತೀರಿಕೊಂಡ ಹುಡುಗ, 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಸಿಕ್ಕಿತು. ಒಳ್ಳೇದೇ. ಆದರೆ 2022ರಲ್ಲಿ ಸಂತರಾದ ದೇವಸಹಾಯಂ ಅವರ ಕತೆಯನ್ನೂ ಒಮ್ಮೆ ಓದಿಸಿ. ತಿರುವಾಂಕೂರಿನ ಅರಮನೆಯಲ್ಲಿ ಕೆಲಸದಲ್ಲಿದ್ದವರು, ಸಂಸಾರಸ್ಥರು, 1752ರಲ್ಲಿ ಗುಂಡಿಗೆ ಬಲಿಯಾದವರು. ಗುರುಗಳೂ ಅಲ್ಲದ, ಸನ್ಯಾಸಿಯೂ ಅಲ್ಲದ ಭಾರತೀಯರೊಬ್ಬರು ಸಂತರಾದದ್ದು ಅದೇ ಮೊದಲು. ಮೂರು, ಜ್ಞಾನತಂದೆ ಅಥವಾ ಜ್ಞಾನತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಜೊತೆ ಮಾತುಕತೆ. ಐದು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಲಿ. ಇದರಿಂದ ಒಂದು ಉಪಕಾರ: ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಮಾತ್ರ ಕಾಣುವ ಜ್ಞಾನತಂದೆಗಳು ಮನೆಗೆ ಬರುತ್ತಾರೆ.

ಉಳಿದ ಚಿಕ್ಕ ಮಕ್ಕಳಿಗೆ ಫೈಲ್ ಬೇಡ. ರಿಂಗು ತೆಗೆದು ಹಾಕುವುದೇ ಆಟ ಆಗುತ್ತದೆ. ಹಾಳೆಯ ತೂತು ಹರಿಯುತ್ತದೆ. ಮೂರನೇ ವಾರಕ್ಕೆ ಚರ್ಚಿನ ಅಂಗಳದಲ್ಲಿ ಯಾರದೋ ನೋಹನ ನಾವೆ ಹಾರಿಕೊಂಡು ಹೋಗುತ್ತಿರುತ್ತದೆ.

ಸ್ಕ್ರ್ಯಾಪ್ ಬುಕ್, ಲ್ಯಾಪ್‌ಬುಕ್, ಟ್ಯಾಬ್

ಸ್ಕ್ರ್ಯಾಪ್ ಬುಕ್ ಅಂದರೆ ಬಣ್ಣ ಬಣ್ಣದ ದಪ್ಪ ಹಾಳೆಯದು. ಚಿತ್ರ ಅಂಟಿಸಲು ಚೆನ್ನ. ಧರ್ಮಕೇಂದ್ರದ ಹಳೇ ಕ್ಯಾಲೆಂಡರ್, ಹಬ್ಬದ ಆಹ್ವಾನ ಪತ್ರ, ಪ್ರಾರ್ಥನೆಯ ಚಿಕ್ಕ ಕಾರ್ಡು, ಇವೆಲ್ಲ ಮನೆಯಲ್ಲಿ ಬಿದ್ದಿರುತ್ತವೆ, ಎಸೆಯಲು ಮನಸ್ಸು ಬರುವುದಿಲ್ಲ. ಅವುಗಳಿಗೆ ಇದು ಒಳ್ಳೆಯ ಜಾಗ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದ ಹಬ್ಬಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಹೋದ ಮಕ್ಕಳು ಮಾತೆಯ ಸೀರೆ, ತೇರು, ಕಾವಿ ಬಟ್ಟೆಯ ಭಕ್ತರು, ಇವನ್ನೆಲ್ಲ ಬಟ್ಟೆ ಚೂರು, ಒಣ ಹೂವಿನ ಎಸಳು ಅಂಟಿಸಿ ಮಾಡಿದ ಪುಟಗಳು ನನ್ನ ಹತ್ತಿರ ಇವೆ. ಹೊಸ ಭತ್ತದ ತೆನೆಯನ್ನು ಹಾಳೆಗೆ ಹೊಲಿದು ತಂದವಳೂ ಇದ್ದಾಳೆ. ಆದರೆ ಕಪ್ಪು, ನೇರಳೆ ಹಾಳೆಯ ಮೇಲೆ ಪೆನ್ಸಿಲ್ ಅಕ್ಷರ ಕಾಣುವುದಿಲ್ಲ. ಬರವಣಿಗೆ ಹಿಂದೆ ಬೀಳುತ್ತದೆ. ಮಿನುಗುಪುಡಿ ಮಾತ್ರ ಮನೆ ತುಂಬಾ.

ಅಂಟಿನ ಬಗ್ಗೆ: ಬಿಳಿ ಗೋಂದು ಜಾಸ್ತಿ ಹಾಕಿದರೆ ಹಾಳೆ ಸುಕ್ಕಾಗುತ್ತದೆ. ಆರುವ ಮುಂಚೆ ಮುಚ್ಚಿದರೆ ಎರಡು ಪುಟ ಒಂದಾಗಿ ಕೂರುತ್ತವೆ. ಒಬ್ಬನ ಪುಸ್ತಕದಲ್ಲಿ ಕಾನಾ ಊರಿನ ಮದುವೆ ಮತ್ತು ಕಡೆಯ ಭೋಜನ ಇವತ್ತಿಗೂ ಬಿಡಿಸಲಾಗದಂತೆ ಅಂಟಿಕೊಂಡಿವೆ. ಗ್ಲೂ ಸ್ಟಿಕ್ ಸಲೀಸು, ಆದರೆ ವರ್ಷ ಕಳೆದರೆ ಚಿತ್ರ ಉದುರುತ್ತವೆ. ಬೆರಳಿನಲ್ಲಿ ಅಂಚಿಗೆ ಮಾತ್ರ ಬಿಳಿ ಗೋಂದು ಸವರಿ, ಮೇಲೆ ಒಂದು ಹಳೇ ನ್ಯೂಸ್‌ಪೇಪರ್ ಇಟ್ಟು ಮುಚ್ಚುವುದೇ ಸರಿ.

ಲ್ಯಾಪ್‌ಬುಕ್ ಅನ್ನುವುದು ವಿದೇಶದಲ್ಲಿ ಮನೆಯಲ್ಲೇ ಪಾಠ ಹೇಳುವವರಿಂದ ಬಂದದ್ದು. ರಟ್ಟಿನ ಫೈಲನ್ನು ಕಿಟಕಿ ಬಾಗಿಲಿನ ಹಾಗೆ ಮಡಚಿ, ಒಳಗೆ ಚಿಕ್ಕ ಚಿಕ್ಕ ಮಡಿಕೆ, ಜೇಬು, ಎತ್ತಿ ನೋಡುವ ಮುಚ್ಚಳ. ಏಳು ಸಂಸ್ಕಾರಕ್ಕೆ ಏಳು ಮುಚ್ಚಳ ಮಾಡಿದರೆ ನೋಡಲು ಚಂದ, ಧರ್ಮಕೇಂದ್ರದ ಹಬ್ಬದ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ವಿಷಯಕ್ಕೆ ಒಂದು ಮಾಡಿ, ಸಾಕು. ಇಡೀ ವರ್ಷ ಇದನ್ನೇ ಮಾಡಿದರೆ ಶನಿವಾರ ರಾತ್ರಿ ಕತ್ತರಿ ಹಿಡಿದು ಕೂರುವವರು ಮಕ್ಕಳಲ್ಲ, ಅಮ್ಮಂದಿರು.

ಟ್ಯಾಬ್‌ನಲ್ಲಿ ಮಾಡಿಸಬಹುದಾ ಎಂದು ಈಚೆಗೆ ಕೇಳುತ್ತಾರೆ. ಮಾಡಿಸಬಹುದು. ನಾನು ಮಾಡಿಸುವುದಿಲ್ಲ.

ಪೂಜೆಗೆ ಕೈಯಲ್ಲಿ ಹಿಡಿದು ಹೋಗುವ ಚಿಕ್ಕ ಪುಸ್ತಕ

ದೊಡ್ಡ ಪುಸ್ತಕ ಯಾವುದೇ ಇರಲಿ, ಇದೊಂದನ್ನು ಮಾತ್ರ ಎಲ್ಲರೂ ಮಾಡಿ. ಖರ್ಚು ಎರಡು ಮೂರು ರೂಪಾಯಿ. ನಾಲ್ಕು ಎ4 ಹಾಳೆ ಒಂದರ ಮೇಲೊಂದಿಟ್ಟು ಅಡ್ಡ ಮಡಚಿ. 16 ಪುಟ ಆಯಿತು. ಮಡಿಕೆಯ ಮೇಲೆ ಮೂರು ತೂತು ಹಾಕಿ, ನಡುವೆ ಒಂದು, ಮೇಲೊಂದು, ಕೆಳಗೊಂದು. ದಪ್ಪ ಸೂಜಿಗೆ ದಾರ ಪೋಣಿಸಿ. ಹೊರಗಿನಿಂದ ನಡುವಿನ ತೂತಿಗೆ ಒಳಗೆ ಹೋಗಿ, ಮೇಲಿನ ತೂತಿನಿಂದ ಹೊರಗೆ ಬನ್ನಿ. ಬೆನ್ನ ಮೇಲೆ ಇಳಿದು ಕೆಳಗಿನ ತೂತಿಗೆ ಒಳಗೆ, ಮತ್ತೆ ನಡುವಿನಿಂದ ಹೊರಗೆ. ಎರಡು ತುದಿಯನ್ನೂ ಬೆನ್ನಿನ ಉದ್ದದ ದಾರದ ಮೇಲೆ ಗಂಟು ಹಾಕಿ. ಹೂ ಕಟ್ಟಲು ಬರುವ ಅಜ್ಜಿಯಂದಿರು ಇದನ್ನು ಒಂದು ಸಲ ನೋಡಿದರೆ ಸಾಕು, ಹತ್ತು ಪುಸ್ತಕ ಹೊಲಿದು ಕೊಡುತ್ತಾರೆ.

ಇದರಲ್ಲಿ ಬಲಿಪೂಜೆಯ ಕ್ರಮ. ಪುಟಕ್ಕೊಂದು ಚಿತ್ರ, ಎರಡು ಮೂರು ಪದ. ಶಿಲುಬೆ ಗುರುತು, ಕ್ಷಮೆ ಕೇಳುವುದು, ವಾಚನ, ಶುಭಸಂದೇಶಕ್ಕೆ ಎದ್ದು ನಿಂತು ಹಣೆ, ತುಟಿ, ಎದೆಯ ಮೇಲೆ ಪುಟ್ಟ ಶಿಲುಬೆ, ಕಾಣಿಕೆ, ಗಂಟೆ ಬಾರಿಸುವ ಹೊತ್ತು, ಕರ್ತ ಕಲಿಸಿದ ಪ್ರಾರ್ಥನೆ, ಶಾಂತಿಯ ವಂದನೆ, ಪರಮಪ್ರಸಾದ, ಕಳುಹಿಸಿಕೊಡುವುದು. ಮಗು ಪೂಜೆಯಲ್ಲಿ ಕೂತು ಒಂದೊಂದೇ ಪುಟ ತಿರುಗಿಸುತ್ತದೆ. ಈಗ ಎಲ್ಲಿದ್ದೇವೆ, ಇನ್ನೆಷ್ಟು ಇದೆ ಎಂದು ತಿಳಿಯುತ್ತದೆ. "ಅಮ್ಮಾ, ಮುಗೀತಾ?" ಅನ್ನುವ ಪಿಸುಮಾತು ಅರ್ಧ ಕಮ್ಮಿಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಅದು ಸ್ವಾಮಿಗಳ ಪ್ರಸಂಗದ ಉದ್ದದ ಮೇಲೆ.

ಪಾಪನಿವೇದನೆಯ ಪುಟ

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ನಾನೇ ತಪ್ಪು ಮಾಡಿದ್ದೇನೆ.

ಪ್ರಥಮ ಪರಮಪ್ರಸಾದಕ್ಕೆ ಮುಂಚೆ ಮೊದಲ ಪಾಪನಿವೇದನೆ, ಅಂದರೆ ಗುರುಗಳ ಹತ್ತಿರ ಗುಟ್ಟಾಗಿ ತಪ್ಪು ಒಪ್ಪಿಕೊಳ್ಳುವುದು, ಇರುತ್ತದೆ. ಮಕ್ಕಳಿಗೆ ಒಳಗೆ ಹೋದ ಮೇಲೆ ಮರೆತು ಹೋಗುತ್ತದೆ, ಹಾಗಾಗಿ ಬರೆದುಕೊಳ್ಳಲಿ ಎಂದು ಮಗಳಿಗೆ ಹೇಳಿದೆ. ಅವಳು ರೆಕಾರ್ಡ್ ಬುಕ್‌ನಲ್ಲೇ, ಗೆರೆಯ ಕಡೆ, ನಂಬರ್ ಹಾಕಿ, ಕೆಂಪು ಅಡಿಗೆರೆ ಎಳೆದು ನೀಟಾಗಿ ಬರೆದಳು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಪುಸ್ತಕ ಎತ್ತಿಕೊಂಡು ಜೋರಾಗಿ ಓದಿದ. "ಒಂದು, ಸುಳ್ಳು ಹೇಳಿದೆ. ಎರಡು, ಅಜ್ಜಿ ಮೇಲೆ ಕೂಗಿದೆ. ಮೂರು, ಅಣ್ಣನ ಗೇಮ್ ಡಿಲೀಟ್ ಮಾಡಿದ್ದು ನಾನೇ." ಆ ಗೇಮಿನ ವಿಚಾರಕ್ಕೆ ಎರಡು ತಿಂಗಳಿಂದ ಮನೆಯಲ್ಲಿ ತನಿಖೆ ನಡೆದಿತ್ತು, ಶಿಕ್ಷೆ ಅವನ ಚಿಕ್ಕಪ್ಪನ ಮಗನಿಗೆ ಆಗಿಹೋಗಿತ್ತು. ಆಮೇಲೆ ಏನಾಯಿತು ಎಂದು ಬರೆಯುವುದಿಲ್ಲ. ಸಾರಿನ ಪಾತ್ರೆ ಉಳಿಯಿತು ಅಷ್ಟೇ.

ಗುರುಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವ ಹಾಗಿಲ್ಲ. ಚರ್ಚಿನ ಕಾನೂನು ಇದರಲ್ಲಿ ಒಂದಿಂಚೂ ಸಡಿಲ ಬಿಡುವುದಿಲ್ಲ. ಅಷ್ಟು ಬಿಗಿಯಾಗಿ ಕಾಪಾಡುವುದನ್ನು ನಾವು ನೋಟ್‌ಬುಕ್‌ನಲ್ಲಿ ಬರೆಸಿ ಟೀಪಾಯಿ ಮೇಲೆ ಇಟ್ಟರೆ ಹೇಗೆ? ಈಗ ನನ್ನ ತರಗತಿಯಲ್ಲಿ ಪುಸ್ತಕದ ಪುಟದಲ್ಲಿ ಪ್ರಶ್ನೆಗಳು ಮಾತ್ರ ಇರುತ್ತವೆ. ಹತ್ತು ಕಟ್ಟಳೆಗಳನ್ನು ಮಗುವಿನ ಮಾತಿಗೆ ಇಳಿಸಿದ ಪ್ರಶ್ನೆಗಳು: ಯಾರದಾದರೂ ವಸ್ತು ಕೇಳದೆ ತಗೊಂಡೆನಾ? ಅಪ್ಪ ಅಮ್ಮನ ಮಾತಿಗೆ ಎದುರು ಹೇಳಿದೆನಾ? ಉತ್ತರಕ್ಕೆ ಜಾಗ ಬಿಡುವುದಿಲ್ಲ. ಎದುರು ಪುಟದಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ, ಜೊತೆಗೆ ಮಗನನ್ನು ದೂರದಿಂದಲೇ ಕಂಡು ಓಡಿ ಬರುವ ತಂದೆಯ ಚಿತ್ರ. ಬರೆದುಕೊಳ್ಳಲೇಬೇಕು ಅನ್ನುವ ಮಗುವಿಗೆ ಬೇರೆ ಚೀಟಿ ಕೊಡಿ. ಕೆಲಸ ಮುಗಿದ ಮೇಲೆ ಅದೇ ಹರಿದು ಹಾಕಲಿ. ನಮ್ಮ ಮಕ್ಕಳಿಗೆ ಆ ಹರಿಯುವ ಕೆಲಸವೇ ಎಲ್ಲಕ್ಕಿಂತ ಇಷ್ಟ, ಅಷ್ಟು ಸಣ್ಣಗೆ ಯಾರೂ ಕಾಗದ ಹರಿಯಲಾರರು.

ಅಚ್ಚಿನ ಪುಸ್ತಕಗಳಲ್ಲಿ ಕೆಲವೊಮ್ಮೆ "ನನ್ನ ತಪ್ಪುಗಳು" ಎಂದು ಖಾಲಿ ಗೆರೆ ಇರುತ್ತದೆ. ಅಂಥದ್ದು ಕಂಡರೆ ಆ ಪುಟದ ಮೇಲೆ ಒಂದು ಚಿತ್ರ ಅಂಟಿಸಿಬಿಡಿ.

ಯಾವ ಭಾಷೆಯಲ್ಲಿ?

ಬೆಂಗಳೂರಿನಲ್ಲಿ ಇದು ದೊಡ್ಡ ಪ್ರಶ್ನೆ. ಒಂದೇ ಚರ್ಚಿನಲ್ಲಿ ಬೆಳಗ್ಗೆ ಕನ್ನಡ ಪೂಜೆ, ಆಮೇಲೆ ಇಂಗ್ಲಿಷ್, ಸಂಜೆ ತಮಿಳು. ಮನೆಯಲ್ಲಿ ಕನ್ನಡ ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಮಗು 'ನಮೋ ಮರಿಯಾ' ಪ್ರಾರ್ಥನೆಯನ್ನು ಕನ್ನಡದಲ್ಲಿ ತಪ್ಪಿಲ್ಲದೆ ಹೇಳುತ್ತದೆ, ಬರೆ ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತದೆ.

ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಆಗುವವರೆಗೆ ಪೂಜೆ ಲತೀನಿನಲ್ಲಿತ್ತು. "ದೋಮಿನುಸ್ ವೋಬಿಸ್ಕುಂ" ಎಂದು ಸ್ವಾಮಿಗಳು ಅಂದರೆ ಇವರು ಅರ್ಥ ಗೊತ್ತಿಲ್ಲದೆಯೇ ಉತ್ತರ ಹೇಳುತ್ತಿದ್ದರು. ಪ್ರಾರ್ಥನೆ ಎದೆಗೆ ಇಳಿಯಲು ಬರಹ ಬೇಕಿಲ್ಲ ಅನ್ನುವುದಕ್ಕೆ ಅಜ್ಜಿಯೇ ಸಾಕ್ಷಿ. ಆದರೆ ನೋಟ್‌ಬುಕ್ ಅಂದ ಮೇಲೆ ಬರಹ ಇರಬೇಕಲ್ಲ. ನಾನು ಮಾಡುವುದು ಇಷ್ಟು: ಪ್ರಾರ್ಥನೆಗಳನ್ನು ಮಗು ಯಾವ ಭಾಷೆಯಲ್ಲಿ ಹೇಳುತ್ತದೋ ಅದೇ ಭಾಷೆಯಲ್ಲಿ, ಅದೇ ಲಿಪಿಯಲ್ಲಿ. ದಿನಕ್ಕೆ ಒಂದು ಸಾಲು ನೋಡಿ ಬರೆದರೆ ಸಾಕು. ತನ್ನ ಸ್ವಂತ ಮಾತನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ, ಕಂಗ್ಲಿಷಿನಲ್ಲೂ ಬರೆಯಲಿ. ಒಂದು ಪುಟ ಮಾತ್ರ ಮನೆಯ ಹಿರಿಯರದು. ಅಜ್ಜಿಯೋ ತಾತನೋ ಹೇಳಿದ ಒಂದು ಪ್ರಾರ್ಥನೆಯನ್ನು ಕೇಳಿಸಿಕೊಂಡು ಮಗು ಬರೆಯಬೇಕು, ಕೆಳಗೆ ಅವರ ಸಹಿ ಅಥವಾ ಹೆಬ್ಬೆಟ್ಟು.

ಚಿತ್ರಕ್ಕೂ ಭಾಷೆ ಇದೆ. 1967ರಲ್ಲಿ ಬೆಂಗಳೂರಿನ ಹಚಿನ್ಸ್ ರೋಡಿನಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ, ಅಂದರೆ ಬೈಬಲ್, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರ, ನಮ್ಮ ನೆಲದ ಸಂಕೇತಗಳಲ್ಲಿ ನಂಬಿಕೆ ಹೇಳುವುದಕ್ಕೆ ಹೆಸರಾದದ್ದು. ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಅವರ ಚಿತ್ರಗಳನ್ನು ಮಕ್ಕಳಿಗೆ ಒಮ್ಮೆ ತೋರಿಸಿ. ಯೇಸುವನ್ನು ಹೀಗೂ ಬರೆಯಬಹುದಾ ಎಂದು ಕೇಳುತ್ತಾರೆ. ಆಮೇಲಿನ ವಾರದ ಪುಟಗಳು ಬೇರೆ ಥರ ಇರುತ್ತವೆ.

ಈಗ ನಿಮ್ಮ ಮಗುವಿಗೆ

ಬರೆಯುವುದೆಂದರೆ ಅಳುವ ಮಗು: ರೆಕಾರ್ಡ್ ಬುಕ್, ಎಡಪುಟ ಮಗುವಿನದು, ಬಲಪುಟದಲ್ಲಿ ಅದು ಹೇಳಿದ್ದನ್ನು ನೀವು ಬರೆಯಿರಿ. ಅದು ಹೇಳಿದ ಹಾಗೇ, ತಿದ್ದದೆ. ತಿದ್ದಿ ತಿದ್ದಿ ಅಳಿಸುವ ಮಗು: ಫೈಲ್. ಕತ್ತರಿ, ಅಂಟು ಕೈಬಿಡದ ಮಗು: ಸ್ಕ್ರ್ಯಾಪ್ ಬುಕ್, ಆದರೆ ತಿಳಿ ಬಣ್ಣದ ಹಾಳೆಯದ್ದೇ ಹುಡುಕಿ. ಅಣ್ಣ ತಂಗಿ ಇಬ್ಬರೂ ತಯಾರಾಗುತ್ತಿದ್ದರೆ ಇಬ್ಬರಿಗೂ ಒಂದೇ ಥರದ್ದು ಕೊಡಿಸಿ, ಇಲ್ಲದಿದ್ದರೆ ಜಗಳ ಬಿಡಿಸುವುದರಲ್ಲೇ ಆಗಮನ ಕಾಲ ಮುಗಿಯುತ್ತದೆ.

ಬಣ್ಣದ ಪೆನ್ಸಿಲ್ ಎಲ್ಲಕ್ಕೂ ಆಗುತ್ತದೆ. ಕ್ರೇಯಾನ್ ಎದುರು ಪುಟಕ್ಕೆ ಅಂಟುತ್ತದೆ. ಸ್ಕೆಚ್ ಪೆನ್ ಮಳೆಗಾಲದಲ್ಲಿ ಬೇಡ. ಕಳೆದ ಆಗಸ್ಟ್‌ನಲ್ಲಿ ಸ್ಕೂಟರ್ ಮೇಲೆ ಬಂದ ಒಂದು ಚೀಲದಲ್ಲಿ ಕೆಂಪು ಸಮುದ್ರ ನಿಜಕ್ಕೂ ಕೆಂಪಾಗಿ, ಮೋಶೆಯನ್ನೂ ಸೇರಿಸಿಕೊಂಡು ಹರಿದಿತ್ತು. ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ.

ತಡವಾಗಿ ಸೇರಿಕೊಂಡು ಆರೇಳು ವಾರ ಮಾತ್ರ ಉಳಿದವರು ದೊಡ್ಡ ಪುಸ್ತಕದ ಗೋಜಿಗೆ ಹೋಗಬೇಡಿ. ನಾಲ್ಕು ಹಾಳೆ, ಒಂದು ಸೂಜಿ, ಒಂದು ಮೊಳ ದಾರ. ಇವತ್ತು ಸಂಜೆಯೇ ಹೊಲಿಯಬಹುದು.